ಹೊಟ್ಟೆಗೆ ಹಾಕಿಕೊ

ಸೊಹಾರಿನ ಬಂದರು ರಸ್ತೆಯ ಕ್ಯಾಂಟೀನಿನಲ್ಲಿ
ಒಂಬತ್ತು ವರ್ಷ ನನ್ನ ಕೆಲಸ ಇಷ್ಟೇ:
ಮುನ್ನೂರು ಜನರ ಸಾರಿಗೆ ಒಂದು ನಾಲಿಗೆ.
ಬ್ಯಾಡಗಿ ಕಮ್ಮಿಯಾಯಿತೇ, ಹುಳಿ ಮುಂದಾಯಿತೇ,
ಸೌಟಿನ ತುದಿಯಿಂದ ಅಂಗೈಗೆ, ಅಂಗೈಯಿಂದ ಬಾಯಿಗೆ.
ಕೂತು ಉಂಡ ನೆನಪಿಲ್ಲ.
ಸೊಂಟನೋವಿಗೆ ಬಿಳಿ ಮಾತ್ರೆ, ಮಾತ್ರೆಯ ಹಿಂದೆ ಸುಲೈಮಾನಿ,
ರಾತ್ರಿ ಎರಡಕ್ಕೆ ತಳ ಕೆರೆದು ತಿಂದದ್ದು ಊಟ.

ಉಳಿದದ್ದನ್ನೂ ಹೊಟ್ಟೆಗೇ ಹಾಕಿಕೊಂಡೆ:
ಎರಡು ತಿಂಗಳು ತಡವಾದ ಸಂಬಳ,
"ಎಣ್ಣೆ ನಿನ್ನಪ್ಪ ತರುತ್ತಾನಾ" ಎಂದ ಅರ್ಬಾಬನ ತಮ್ಮ,
ಚಿಕ್ಕಮ್ಮನ ಮಗ ಫೋನಿನಲ್ಲಿ ಆಡಿದ ಮಾತೊಂದು.
ಅದು ಇಲ್ಲಿ ಬೇಡ.

ಒಂದು ಬೆಳಿಗ್ಗೆ ಕಕ್ಕಸಿನಲ್ಲಿ ಡಾಂಬರಿನ ಬಣ್ಣ.
ಇದಿನಬ್ಬ ತನ್ನ ನೀರಿನ ಟ್ಯಾಂಕರಿನಲ್ಲೇ ಕೂರಿಸಿ ಓಡಿಸಿದ,
ಆಸ್ಪತ್ರೆಯವರೆಗೆ ನನಗಿಂತ ಹೆಚ್ಚು ನರಳಿದವನು ಅವನೇ.
ಗಂಟಲಲ್ಲಿ ಕೊಳವೆ ಇಳಿಸಿ ಡಾಕ್ಟರ್ ನಶ್ವಾ
ಪರದೆಯಲ್ಲಿ ತೋರಿಸಿದರು:
ಗುಲಾಬಿ ಗೋಡೆಯಲ್ಲೊಂದು ಬಿಳಿ ತಳದ ಗುಂಡಿ,
ಕಾವಲಿಯಲ್ಲಿ ಕಣ್ಣುಬಿಟ್ಟ ದೋಸೆಯಂತೆ.
"ಸಿಟ್ಟು ನುಂಗಿದ್ದಕ್ಕಾ?" ಎಂದೆ.
ನಕ್ಕರು. "ಕಣ್ಣಿಗೆ ಕಾಣದ ಒಂದು ಹುಳ. ಮತ್ತೆ ಆ ನಿನ್ನ ಬಿಳಿ ಮಾತ್ರೆ."
ಹದಿನಾಲ್ಕು ದಿನದ ಔಷಧಿ ಬರೆದು ಹೇಳಿದರು,
"ಊಟ ಔಷಧಿಯಲ್ಲ,
ಔಷಧಿ ಮಲಗುವ ಹಾಸಿಗೆ. ಮೆತ್ತಗೆ ಹಾಸು."

ಹಾಸಿದೆ.
ಕುಚ್ಚಲಕ್ಕಿ ಗಂಜಿ, ಅಗುಳು ಬೆರಳಿಗೆ ಕರಗುವಷ್ಟು.
ಬಾತಿನಾ ತೋಟದ ಗಿಡ್ಡ ಬಾಳೆ, ಸಿಪ್ಪೆಗೆ ಕಪ್ಪು ಚುಕ್ಕೆ ಬಂದಮೇಲೆ.
ಹಬೆಯಲ್ಲಿ ಬೆಂದ ಸೋರೆ,
ತನ್ನ ಹೆಸರು ಹೇಳಿಕೊಳ್ಳದ ತರಕಾರಿ,
ಊರಲ್ಲಿ ನಾನೇ ತಟ್ಟೆಯಂಚಿಗೆ ತಳ್ಳಿದ್ದು.
ಕೋಸು ಅರೆದು ಹಿಂಡಿದ ರಸ:
ಯಾರೋ ಹೇಳಿದರು, ಕುಡಿದೆ,
ಗುಣ ಅದರಿಂದಲೋ ಗೊತ್ತಿಲ್ಲ, ಶಿಕ್ಷೆ ಮಾತ್ರ ಖಚಿತ.
ಹಾಲು ನೆಂಟರಿದ್ದ ಹಾಗೆ,
ಬಂದೊಡನೆ ಸಮಾಧಾನ, ಗಂಟೆ ಕಳೆದರೆ ಜಗಳ.
ಅದರ ಜಾಗಕ್ಕೆ ಲಬಾನ್, ನೀರು ಬೆರೆಸಿ, ಒಗ್ಗರಣೆಯಿಲ್ಲದೆ.
ಗುಡ್ಡದ ಹಳ್ಳಿಗೆ ನೀರು ಹಾಕಲು ಹೋದ ಇದಿನಬ್ಬ
ಎಲಚಿ ಹೂವಿನ ಜೇನು ತಂದ. ಎಷ್ಟು ಕೊಟ್ಟೆ ಅಂದರೆ
ಟಯರಿನ ಗಾಳಿಯ ಬಗ್ಗೆ ಮಾತಾಡಿದ.

ಸಾರಿನ ಹದ ಈಗ ಮೂಗಿಗೆ ಬಿಟ್ಟಿದ್ದೇನೆ.
ನಾಲಿಗೆಯ ಕೆಲಸಕ್ಕೆ ಪಾತ್ರೆ ತೊಳೆಯುವ ರೊಫಿಕುಲ್.
ಮೊದಲು ಅವನಿಗೆ ಒಂದು ಬಟ್ಟಲು ಅನ್ನ,
ಕೂತು, ಎರಡೂ ಕಾಲು ಮಡಚಿ.
ಆಮೇಲೆ ಸೌಟು.

ನಿನ್ನೆಗೆ ಐದು ವಾರ.
ಗಂಜಿಗೆ ಒಂದೇ ಹರಳು ಉಪ್ಪು ಹಾಕಿದೆ.
ಮುನ್ನೂರು ಜನರ ಸಾರಿನಲ್ಲಿ ಸಿಗದ ಉಪ್ಪು
ಅಲ್ಲಿತ್ತು, ಒಬ್ಬನಿಗೆ ಆಗುವಷ್ಟು.
ಬಂಕ್ ಮಂಚದ ಮೇಲ್ಗಡೆ ಇದಿನಬ್ಬನ ಗೊರಕೆ,
ಹೊರಗೆ ಹಡಗಿನ ಕೂಗು.
ಹೊಕ್ಕುಳ ಮೇಲೆ ಅಂಗೈಯಿಟ್ಟು ಮೆಲ್ಲಗೆ ಹೇಳಿದೆ:
ಊರವರದ್ದೆಲ್ಲ ಒಳಗಿಟ್ಟುಕೊಂಡೆ ನೀನು.
ಇನ್ನು ನನ್ನದೊಂದು ತಪ್ಪು ಉಳಿದಿದೆ,
ಹೊಟ್ಟೆಯೇ, ಅದನ್ನೂ ಹೊಟ್ಟೆಗೆ ಹಾಕಿಕೊ.

ಗುಡುಗುಡು ಎಂದಿತು.
ಒಪ್ಪಿತೋ, ಹಸಿದಿತ್ತೋ.