ಮಂಡಿ ಅಣ್ಣೇಗೌಡರ ರಕ್ತ

ಸಾಲಗಾಮೆ ರಸ್ತೆಯ ನಮ್ಮ ಲ್ಯಾಬಿಗೆ
ಎಂಟಕ್ಕೆ ಮೊದಲೇ ಬರುತ್ತಾರೆ, ಖಾಲಿ ಹೊಟ್ಟೆ,
ಉಗುರಿನ ಸಂದಿಯಲ್ಲಿ ಆಲೂಗಡ್ಡೆಯ ಕೆಂಪು ಮಣ್ಣು.
ರಬ್ಬರ್ ಪಟ್ಟಿ ಈಗ ತೋಳಿಗೆ ಎರಡು ಸುತ್ತು ಬರುತ್ತದೆ.

'ಮುದ್ದೆ ಬಿಟ್ಟು ನೂರಾಹತ್ತು ದಿನ, ಮೇಡಂ.
ಅನ್ನದ ಅಗುಳು ಮುಟ್ಟಿಲ್ಲ.'
ಉಸಿರಿಗೆ ಕೊಳೆತ ಸೇಬಿನ ವಾಸನೆ,
ಏಲಕ್ಕಿ ಅಗಿದರೂ ಮುಚ್ಚದು.

ಸಕ್ಕರೆ ಇಳಿದಿದೆ, ನಿಜ. ನಾನೇ ಅಳೆದವಳು.
ಸಕ್ಕರೆ ಡಾಕ್ಟರು ಬೆನ್ನು ತಟ್ಟಿದರು.
ಅದೇ ಚೀಟಿ ಕಂಡು ಹೃದಯದ ಡಾಕ್ಟರು
ಕೊಬ್ಬಿನ ಸಾಲಿಗೆ ಕೆಂಪು ಗೆರೆ ಎಳೆದು
'ಯಾರು ಹೇಳಿದ್ದು?' ಎಂದರಂತೆ.
ಒಂದೇ ಕಟ್ಟಡ. ಮೇಲು ಮಹಡಿ, ಕೆಳ ಮಹಡಿ.
ನಡುವಿನ ಮೆಟ್ಟಿಲ ಮೇಲೆ ತಲೆ ತಿರುಗಿತಂತೆ.

'ನೀವು ಹೇಳಿ, ಯಾರ ಮಾತು ಕೇಳಲಿ?'
ನನಗೆ ಬರುವುದು ನರ ಹುಡುಕುವುದಷ್ಟೆ.

ಟ್ಯೂಬನ್ನು ಬೆಳಕಿಗೆ ಹಿಡಿಸಿ ನೋಡುತ್ತಾರೆ:
'ಗಡ್ಡೆಯಾಗಿದ್ದರೆ ಕುಯ್ದು ಹೇಳಿಬಿಡುತ್ತಿದ್ದೆ,
ಒಳಗೆ ಕಪ್ಪು ಹತ್ತಿದೆಯೋ, ಇಲ್ಲವೋ.
ನಲವತ್ತು ವರ್ಷ, ಒಂದೂ ತಪ್ಪಿಲ್ಲ.'

ಹತ್ತಿ ಒತ್ತಿಕೊಂಡು ಎದ್ದರು.
ಕುರ್ಚಿಯ ಕೆಳಗೊಂದು ಕೈಚೀಲ.
'ಮರೆತಿರಿ' ಎಂದೆ.
'ಇಲ್ಲ. ಹೊಸ ಬೆಳೆ.
ನೀವಾದರೂ ಬೇಯಿಸಿಕೊಂಡು ತಿನ್ನಿ.'