ಪಟ್ಟಿಯಲ್ಲಿ ಇಲ್ಲದ್ದು

ದೊಡ್ಡೇರಿ, ಮಾರ್ಗಶಿರ

ಮೂರು ಭಾಷೆ ಬಲ್ಲೆನೆಂಬ ಒಂದೇ ತಪ್ಪಿಗೆ
ಕೋಟೆಬಾಗಿಲ ಪಕ್ಕದ ಕಲ್ಲಿನ ಮೇಲೆ ನನ್ನನ್ನು ಕೂರಿಸಿದರು.
ಬಲಕ್ಕೆ ಫಾರಸಿ ಕಾಗದ, ಎಡಕ್ಕೆ ಮೋಡಿ,
ನಡುವೆ ನಾನು, ಶಾನುಭೋಗರ ಕಿರಿಮಗ ವೆಂಗಪ್ಪ,
ಕಿವಿಗೆ ಸಿಕ್ಕಿಸಿದ ಲೆಕ್ಕಣಿಕೆ, ಹೊಟ್ಟೆಗೆ ಏನೂ ಇಲ್ಲ.

ಕೋಟೆ ಅಂತಾರೆ. ನಗು ಬರುತ್ತದೆ.
ದನ ಕದಿಯುವವರಿಗೆ ಹೆದರಿ
ಯಾವ ಕಾಲದ್ದೋ ಗೌಡ ಹಾಕಿಸಿದ ಮಣ್ಣಿನ ಸುತ್ತು.
ದಿಲ್ಲಿ ಬಂದು ಅದರೊಳಗೆ ನುಗ್ಗಿ
ಅಗುಳಿ ಹಾಕಿಕೊಂಡಿತು.
ಮಿಕ್ಕ ದಿಲ್ಲಿ ಹೊರಗೆ ನಿಂತು ಬಾಗಿಲು ಬಡಿಯಿತು.

ಮೊದಲ ದಿನ ಕುದುರೆಗೆ ಹುರುಳಿ.
ಮೂರನೇ ದಿನ ಮನುಷ್ಯರಿಗೆ ಹುರುಳಿ.
ಆಮೇಲೆ ನಮ್ಮ ಸೂರು.
ಏಣಿ ಹಾಕಿ ಬಾದೆಹುಲ್ಲು ಇಳಿಸಿ ಒಂಟೆಗಳ ಮುಂದೆ ಸುರಿದರು.
ಆನೆಗೆ ಏಣಿ ಬೇಕಿರಲಿಲ್ಲ, ಪಾಪ,
ಸೊಂಡಿಲೆತ್ತಿ ತಾನೇ ತೆಗೆದುಕೊಂಡಿತು.
ಪಾಲಕ್ಕನ ಮನೆ ಅದಕ್ಕೆ ಒಂದು ಹೊತ್ತಿಗೂ ಸಾಲಲಿಲ್ಲ.
ಆ ರಾತ್ರಿ ಅವಳ ಮಕ್ಕಳು ಗಳುಗಳ ಸಂದಿನಲ್ಲಿ
ಕೃತ್ತಿಕೆಯ ಚುಕ್ಕಿ ಎಣಿಸುತ್ತ ಮಲಗಿದವು.

ಕೆರೆ ಏರಿಯ ಮೇಲೆ ಕರಿಕಂಬಳಿಯವರು,
ನಮ್ಮ ಕಡೆಯ ಬೇಡರೇ, ಮರಾಠರ ಸಂಬಳಕ್ಕೆ ನಿಂತವರು.
ಕೊಡ ಕಲ್ಲಿಗೆ ತಗುಲಿದ ಸದ್ದಿಗೇ ಗುಂಡು ಬರುತ್ತಿತ್ತು.
ನೀರು ಮಾತ್ರ ಇಡೀ ಊರಿಗೆ ಕಾಣುತ್ತಿತ್ತು,
ಬೆಳಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ.

ಹದಿನಾರನೇ ದಿನ ಮಾತು.
ಅತ್ತಿಂದ ಗಿರಮಾಜಿ ಪಂತ, ಒಗೆದ ಧೋತರ, ಬಾಯಲ್ಲಿ ವೀಳ್ಯ.
ಇತ್ತಿಂದ ಮೀರ್ ಅಸ್ಕರಿ, ಅಫೀಮು ತೀರಿ ನಡುಗುವ ಕೈ;
ನಡುಕಕ್ಕೆ ಚಳಿಯನ್ನು ದೂರುತ್ತಿದ್ದ.
ಆನೆ, ಕುದುರೆ, ತೋಪು, ಡೇರೆ, ಹಣದ ಪೆಟ್ಟಿಗೆ.
ಬಾಕಿಗೆ ಒಬ್ಬೊಬ್ಬ ಸರದಾರನಿಂದ ಒಬ್ಬೊಬ್ಬ ನೆಂಟ ಒತ್ತೆ.
ಜೀವ ಮತ್ತು ಮೈಮೇಲಿನ ಬಟ್ಟೆ, ಇವೆರಡು ನಿಮ್ಮವು.
ಅವರು ಅಮಾನ್ ಅಂದರು, ಇವರು ಕೌಲು ಅಂದರು,
ನನ್ನ ಮನಸ್ಸು ಅಭಯ ಅಂದಿತು.
ಯಾರು ಯಾರಿಗೆ ಎಂಬ ಜಾಗ ಮಾತ್ರ
ಮೂರರಲ್ಲೂ ಖಾಲಿಯಿತ್ತು.
ಮೀರನ ಮುದ್ರೆ ನಡುಗಿ ಎರಡು ಸಲ ಬಿತ್ತು.

ಬಾಗಿಲು ತೆರೆಯಿತು. ಒಬ್ಬೊಬ್ಬರಾಗಿ.
ಒಂದು ರೊಟ್ಟಿ, ಒಂದು ಬೊಗಸೆ ನೀರು, ನನ್ನದೊಂದು ಗೀಟು.
ಒಬ್ಬ ಏಳು ಅಂಗಿ ತೊಟ್ಟು ಬೆವರುತ್ತ ಬಂದ,
ಎಲ್ಲ ಮೈಮೇಲಿನವೇ. ಪಂತ ನಕ್ಕು ಬಿಟ್ಟ.
ಮಾವುತ ಜುಮ್ಮನ್ ಅಂಕುಶ ಹಿಡಿದು ಬಂದ.
ಇದು ಬಟ್ಟೆಯೋ, ಆಯುಧವೋ?
'ಇದು ನನ್ನ ಕೈ' ಅಂದ.
ಕಿತ್ತುಕೊಂಡರು.
ಅವನು ಬರಿಗೈ ಮಡಚಿ ಬಿಡಿಸಿ ನೋಡುತ್ತ ಹೋದ,
ರೊಟ್ಟಿ ಮರೆತು.

ಆಗ ಬಂದಳು ಪಾಲಕ್ಕ, ಯಾವ ಸಾಲಿಗೂ ಸೇರದವಳು.
'ಏನ್ ಬರೀತೀರಿ ಸ್ವಾಮಿ?'
ಯಾರದು ಯಾರಿಗೆ ಸೇರಬೇಕೋ ಅದು ಅಂದೆ.
'ಹಂಗಾರೆ ನನ್ ಸೂರು ಹಾಕ್ಕಳಿ.
ನಾಕು ಹೊರೆ ಬಾದೆ, ಎಲ್ಡು ಹೊರೆ ಸಜ್ಜೆದಂಟು.
ಯಾರ್ ಕಡೀಗಾದ್ರೂ ಬರಕಳಿ.'

ಇಬ್ಬರಿಗೂ ಹೇಳಿದೆ, ಅವರವರ ಮಾತಿನಲ್ಲಿ.
ಆನೆ ನಮ್ಮದಾಯಿತು, ಅದು ತಿಂದದ್ದು ಅವರ ಲೆಕ್ಕ, ಅಂದ ಪಂತ.
ಹೊಟ್ಟೆ ಸಮೇತವೇ ಕೊಟ್ಟಿದ್ದೇವಲ್ಲ, ಅಂದ ಮೀರ್.
ಹದಿನಾರು ದಿನದಲ್ಲಿ ಮೊದಲ ಸಲ
ಎರಡೂ ದಂಡು ಒಂದೇ ಮಾತಿಗೆ ನಕ್ಕವು.

ಕನ್ನಡಕ್ಕೆ ಕಾಗದವಿರಲಿಲ್ಲ.
ಸೊಂಟದಲ್ಲಿದ್ದ ಅಪ್ಪನ ಕಡತ ಬಿಚ್ಚಿ
ಅಗಸನ ಬಾಕಿಯ ಕೆಳಗೆ ಬಳಪದಲ್ಲಿ ಬರೆದೆ:
ಪಾಲಕ್ಕ, ಆರು ಹೊರೆ. ಬರಬೇಕಾದ್ದು.
ಬಳಪ. ಬೆರಳು ತಾಗಿದರೆ ಅಳಿಯುತ್ತದೆ.

ಸಂಜೆ ಆನೆ ಹೊಸ ಮಾವುತನ ಕೆಳಗೆ
ಅದೇ ಓಣಿಯಲ್ಲಿ ಹೊರಟಿತು.
ಪಾಲಕ್ಕನ ಮನೆ ಮುಂದೆ ನಿಂತು, ರೂಢಿಯಂತೆ ಸೊಂಡಿಲೆತ್ತಿ
ಬರಿ ಗಳುವನ್ನು ಸವರಿತು,
ಇನ್ನೊಂದನ್ನು ಸವರಿತು.
'ಮಳೆಗಿನ್ನೂ ಐದ್ ತಿಂಗ್ಳೈತೆ ಬಿಡು'
ಅಂದಳು ಅವಳು,
ನನಗೋ, ಆನೆಗೋ.