ಬಿದ್ದ ಗಳಿಗೆ

ಜೋಗಿಮಟ್ಟಿಯ ಹದಿನೇಳನೇ ಗಾಳಿಯಂತ್ರ
ಮೂರು ರಾತ್ರಿಯಿಂದ ಎರಡೂಕಾಲಿಗೇ ಸಾಯುತ್ತಿದೆ.
ಗಾಳಿಗೇನೂ ಆಗಿಲ್ಲ; ಆಗಿರುವುದು ಒಳಗಿನ ಕರ್ನಲ್ಲಿಗೆ.

ಟ್ರೇಸ್ ಬಫರು ಗಾಣದೆತ್ತು,
ತನ್ನ ಹೆಜ್ಜೆಯನ್ನು ತಾನೇ ತುಳಿದು ಅಳಿಸುತ್ತದೆ.
ಅದಕ್ಕೇ ಒಂದು ಸಾಲು ಬರೆದಿಟ್ಟೆ:
ಬಿದ್ದ ಗಳಿಗೆಯಲ್ಲೇ ಇದ್ದಷ್ಟನ್ನೂ ಸೀರಿಯಲ್ ತಂತಿಗೆ ಕಕ್ಕು.

ಬಿದ್ದ ಕೋರಿನದಷ್ಟೇ ಸಾಕೆ, ನಾಲ್ಕರದ್ದೂ ಬೇಕೆ?
ಎಂಟರ್ ಮೇಲೆ ಬೆರಳು ತಡೆಯಿತು.
ಟೀ ತಂದ ಕಾವಲಿನ ಪಾಲಯ್ಯ ಅಂದ:
"ಬಿದ್ದೋನ್ನ ಕೇಳಿದ್ರೆ ಏನ್ ತಿಳೀತೈತೆ ಮೇಡಂ,
ಪಕ್ಕದಾಗೆ ಸುಮ್ನೆ ನಿಂತಿರ್ತಾನಲ್ಲ, ಅವನ್ನ ಕೇಳ್ರಿ."

ಎರಡೂಕಾಲು. ರೆಕ್ಕೆ ನಿಂತಿತು.
ಪರದೆ ತುಂಬ ಸಾಲು, ಸಾಲಿನ ಹಿಂದೆ ಸಾಲು:
ಮೂರನೇ ಕೋರು
ಬೀಗ ಹಿಡಿದುಕೊಂಡೇ ನಿದ್ದೆ ಹೋಗಿದೆ.

ಓದಿ ಹೇಳಿದೆ.
ಪಾಲಯ್ಯ ಸೊಂಟದ ಕೀಗೊಂಚಲು ಮುಟ್ಟಿ ನೋಡಿಕೊಂಡ.